ಕಡೂರು ಸೀಮೆಯಲ್ಲಿ ಮನೆಯೊಳಗಿನ ಗಾಯ: ತುರ್ತು ಶುಶ್ರೂಷೆಯ ಚರಿತ್ರೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಗಂಡನ ಮನೆಯಲ್ಲಿ ಹೊಡೆತ ತಿಂದ, ಬೆಂಕಿಗೆ ಸಿಕ್ಕ ಅಥವಾ ವಿಷ ಕುಡಿದ ಹೆಂಗಸು ಆಸ್ಪತ್ರೆಗೆ ಬಂದಾಗ ಅವಳನ್ನು ಮೊದಲು ಮುಟ್ಟುವವರು ನರ್ಸು. ವೈದ್ಯರು ಬರುವ ಮೊದಲೇ ಅವರು ನಾಡಿ ಹಿಡಿದು, ರಕ್ತ ಒರೆಸಿ, ಸೀರೆಯ ಸೆರಗು ಸರಿಸಿ ಗಾಯ ನೋಡಿರುತ್ತಾರೆ. ಈ ಕೆಲಸ ಇಂದು ಕಡೂರು ಮತ್ತು ತರೀಕೆರೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ, ಅಜ್ಜಂಪುರದ ಸಮುದಾಯ ಆರೋಗ್ಯ ಕೇಂದ್ರದಲ್ಲಿ, ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಯುತ್ತಿದೆ. ಅಲ್ಲಿ ನಿಭಾಯಿಸಲಾಗದ್ದನ್ನು ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬರೆದುಕೊಡುತ್ತಾರೆ. ಗಾಯಕ್ಕೆ ಔಷಧ ಹಾಕುವ ವಿದ್ಯೆ ಈ ಸೀಮೆಗೆ ನೂರು ವರ್ಷಕ್ಕೂ ಹಿಂದೆಯೇ ಬಂತು. ಆ ಗಾಯ ಹೇಗಾಯಿತೆಂದು ಕೇಳುವ, ಕೇಳಿದ್ದನ್ನು ಬರೆದಿಡುವ, ಬರೆದದ್ದನ್ನು ಹೆಂಗಸಿನ ಕೈಗೆ ಕೊಡುವ ಹೊಣೆ ಶುಶ್ರೂಷೆಯ ಭಾಗವಾಗಲು ಮಾತ್ರ 21ನೇ ಶತಮಾನದವರೆಗೆ ಕಾಯಬೇಕಾಯಿತು. ಈ ಎರಡರ ನಡುವಿನ ದೀರ್ಘ ಅಂತರವೇ ಇಲ್ಲಿನ ಚರಿತ್ರೆ.

ಮೂರು ಊರುಗಳೂ ರೈಲು ಹಾದಿಯ ಮೇಲಿವೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಾದಿ ಕಡೂರು, ಬೀರೂರು ದಾಟಿ ಅಜ್ಜಂಪುರದ ಮೇಲೆ ಹೋಗುತ್ತದೆ. ಬೀರೂರಿನಲ್ಲಿ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ಹಾದಿ 1899ರಲ್ಲಿ ತೆರೆಯಿತು. ಈಗಿನ ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದರು. ಆದರೆ ಜಿಲ್ಲೆಯ ಕೇಂದ್ರ 1865ರಲ್ಲೇ ಚಿಕ್ಕಮಗಳೂರಿಗೆ ಹೋಗಿತ್ತು, ಅದರೊಂದಿಗೆ ದೊಡ್ಡ ಆಸ್ಪತ್ರೆಯೂ ಅಲ್ಲೇ ಬೆಳೆಯಿತು. ಹೀಗಾಗಿ ಕಡೂರಿನವರಿಗೆ ಸುಮಾರು 40 ಕಿ.ಮೀ. ದೂರದ ಚಿಕ್ಕಮಗಳೂರು, ತರೀಕೆರೆಯವರಿಗೆ ಹೆಚ್ಚುಕಡಿಮೆ ಅಷ್ಟೇ ದೂರದ ಶಿವಮೊಗ್ಗ ದೊಡ್ಡಾಸ್ಪತ್ರೆಯ ಊರುಗಳಾದವು. ಅಜ್ಜಂಪುರದವರು ಎರಡಕ್ಕೂ ದೂರ. ತುರ್ತು ಶುಶ್ರೂಷೆಯಲ್ಲಿ ಈ ದೂರಕ್ಕೆ ಎಷ್ಟು ತೂಕವಿದೆಯೆಂಬುದು ಸುಟ್ಟಗಾಯದ ಮಾತು ಬಂದಾಗ ಗೊತ್ತಾಗುತ್ತದೆ.

ಆಸ್ಪತ್ರೆ ಬರುವ ಮೊದಲು ಹೊಡೆತದ ಗಾಯಕ್ಕೆ ಮದ್ದು ಮನೆಯಲ್ಲೇ ಆಗುತ್ತಿತ್ತು. ರಕ್ತ ಸುರಿಯುವಲ್ಲಿಗೆ ಅರಿಶಿನ ಅದುಮಿ ಬಟ್ಟೆ ಕಟ್ಟುವುದು, ಊದಿಕೊಂಡ ಕಡೆ ಬಿಸಿ ಉಪ್ಪಿನ ಶಾಖ ಕೊಡುವುದು, ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟಿಸುವುದು ಊರೂರಲ್ಲಿ ಗೊತ್ತಿದ್ದ ಕೆಲಸ. ಬಸುರಿಗೆ ಪೆಟ್ಟಾಗಿ ನೋವು ಕಾಣಿಸಿಕೊಂಡರೆ ಸೂಲಗಿತ್ತಿಯನ್ನು ಕರೆಸುತ್ತಿದ್ದರು. ಹೆಂಗಸಿನ ಮೈಮೇಲಿನ ಬಾಸುಂಡೆಯನ್ನು ಮನೆಯ ಹೊರಗಿನವರು ಯಾರಾದರೂ ಕಂಡಿದ್ದರೆ ಅದು ಆಕೆಯೇ. ಇದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಸೂಲಗಿತ್ತಿ ಗಾಯ ನೋಡಿ ತವರಿಗೆ ಸುದ್ದಿ ಮುಟ್ಟಿಸಬಲ್ಲವಳಾಗಿದ್ದಳು, ತವರಿನವರು ಬಂದು ಮಗಳನ್ನು ಕರೆದೊಯ್ಯುವುದೇ ಆ ಕಾಲದ ಮುಖ್ಯ ರಕ್ಷಣೆಯಾಗಿತ್ತು. ಆದರೆ ತವರು ಬಡವಾಗಿದ್ದರೆ, ತಂದೆತಾಯಿ ತೀರಿಕೊಂಡಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಊರಿನ ಹಿರಿಯರ ಪಂಚಾಯಿತಿ ಸೇರಿದರೂ ಬಹುತೇಕ ಸಲ ಗಂಡನಿಗೆ ನಾಲ್ಕು ಬುದ್ಧಿಮಾತು ಹೇಳಿ ಹೆಂಡತಿಯನ್ನು ಅದೇ ಮನೆಗೆ ಕಳಿಸುತ್ತಿತ್ತು.

ಮೈಸೂರು ಸಂಸ್ಥಾನದ ಕಾಲದಲ್ಲಿ ಊರಿಗೆ ಡಿಸ್ಪೆನ್ಸರಿ ಬಂತು. ಹೆಂಗಸರು ಗಂಡು ಡಾಕ್ಟರ ಮುಂದೆ ಮೈ ತೋರಿಸಲು ಒಪ್ಪುತ್ತಿರಲಿಲ್ಲವಾದ್ದರಿಂದ ಹೆಣ್ಣು ವೈದ್ಯರು, ನರ್ಸುಗಳು, ತರಬೇತಿ ಪಡೆದ ಮಿಡ್‌ವೈಫ್‌ಗಳು ಬೇಕೆಂಬ ಮಾತು ದೇಶದೆಲ್ಲೆಡೆ ಎದ್ದದ್ದು 1880ರ ದಶಕದಲ್ಲಿ. 1885ರಲ್ಲಿ ವೈಸ್‌ರಾಯ್ ಡಫರಿನ್ನರ ಪತ್ನಿಯ ಮುಂದಾಳತ್ವದಲ್ಲಿ ಹುಟ್ಟಿದ ಡಫರಿನ್ ನಿಧಿ ಇದೇ ಉದ್ದೇಶಕ್ಕಾಗಿ ನಿಂತಿತು. ಬೆಂಗಳೂರಿನಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಮೈಸೂರಿನಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ನಿನವರ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಹೆಂಗಸರು ಮಕ್ಕಳಿಗಾಗಿಯೇ ಶುರುವಾಯಿತು. 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಬಂತು. ಹೆಂಗಸರಿಗಾಗಿ ನಿಂತ ಈ ವ್ಯವಸ್ಥೆ ಹೆರಿಗೆಯನ್ನು ಕೇಂದ್ರವಾಗಿಟ್ಟುಕೊಂಡಿತ್ತು. ನರ್ಸು ಕಲಿಯುತ್ತಿದ್ದದ್ದು ಹೆರಿಗೆ, ಡ್ರೆಸ್ಸಿಂಗ್, ಜ್ವರದವರ ಆರೈಕೆ. ಅದರಲ್ಲೂ ಕಡೂರು ಜಿಲ್ಲೆಯಲ್ಲಿ ಮಲೇರಿಯಾ ಎಷ್ಟು ಭೀಕರವಾಗಿತ್ತೆಂದರೆ ಆರೋಗ್ಯ ಇಲಾಖೆಯ ಹಣ, ಗಮನ ಎರಡನ್ನೂ ಅದೇ ನುಂಗುತ್ತಿತ್ತು. 1920ರ ದಶಕದ ಕೊನೆಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನ ತೆರೆದ ಮಲೇರಿಯಾ ಅಧ್ಯಯನ ಕೇಂದ್ರಗಳಲ್ಲಿ ಒಂದು ಇದೇ ಜಿಲ್ಲೆಯ ಮೂಡಿಗೆರೆಯಲ್ಲಿತ್ತು.

ಆ ಕಾಲದ ಕಾನೂನಿನಲ್ಲೂ ಮನೆಯೊಳಗಿನ ಹೊಡೆತಕ್ಕೆ ಬೇರೆ ಹೆಸರಿರಲಿಲ್ಲ. ದಂಡಸಂಹಿತೆಯ ಪ್ರಕಾರ ಗಂಡ ಹೊಡೆದರೂ ದಾರಿಹೋಕ ಹೊಡೆದರೂ ಅದು ಗಾಯಪಡಿಸಿದ ಅಪರಾಧ, ಅಷ್ಟೆ. ಹೆಣ್ಣಿನ ಬದುಕಿಗೆ ಸಂಬಂಧಿಸಿದ ಕಾಯ್ದೆಗಳಲ್ಲಿ ಮೈಸೂರು ಹಿಂದೆ ಬಿದ್ದಿರಲಿಲ್ಲ. 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಸಂಸ್ಥಾನ 1894ರಲ್ಲೇ ತಡೆಯಿತು, 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಆಸ್ತಿಯ ಹಕ್ಕಿನ ಕಾಯ್ದೆ ತಂದಿತು. ಆದರೂ ಡಿಸ್ಪೆನ್ಸರಿಗೆ ಬಂದ ಹೆಂಗಸಿನ ತಲೆಗೆ ಹೊಲಿಗೆ ಹಾಕಿ ಕಳಿಸುವುದನ್ನು ಬಿಟ್ಟು ಮತ್ತೇನನ್ನೂ ಈ ಕಾಯ್ದೆಗಳು ಕಂಪೌಂಡರಿಗಾಗಲಿ ಮಿಡ್‌ವೈಫಿಗಾಗಲಿ ಹೇಳಲಿಲ್ಲ.

ಸ್ವಾತಂತ್ರ್ಯದ ವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ರಾಜ್ಯ ತನ್ನದೇ ಆದ ನರ್ಸುಗಳ, ಮಿಡ್‌ವೈಫ್‌ಗಳ ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆಯನ್ನು 1961ರಲ್ಲಿ ಮಾಡಿತು. 1946ರ ಭೋರ್ ಸಮಿತಿಯ ವರದಿಯ ದಾರಿ ಹಿಡಿದು 1950ರ ದಶಕದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಏಳತೊಡಗಿದವು. ಅವುಗಳ ಜೊತೆ ಸಹಾಯಕ ನರ್ಸ್-ಮಿಡ್‌ವೈಫ್ (ಎಎನ್‌ಎಂ) ಬಂದರು, ಹಳ್ಳಿಯವರ ಬಾಯಲ್ಲಿ ನರ್ಸಮ್ಮ. ಬಿಳಿ ಸೀರೆಯುಟ್ಟು, ಚೀಲ ಹಿಡಿದು, ಬಸ್ಸು ಸಿಗದ ಕಡೆ ನಡೆದೇ ಮನೆಮನೆ ಸುತ್ತಿದ ಈ ಹೆಣ್ಣುಮಕ್ಕಳು ಕರ್ನಾಟಕದ ಆರೋಗ್ಯ ಚರಿತ್ರೆಯಲ್ಲಿ ಪಡೆಯಬೇಕಾದ ಸ್ಥಾನವನ್ನು ಇನ್ನೂ ಪಡೆದಿಲ್ಲ. ಯಾವ ಮನೆಯಲ್ಲಿ ಏನು ನಡೆಯುತ್ತದೆಂದು ಅವರಿಗೆ ಗೊತ್ತಿತ್ತು. ಬಸುರಿಯ ಹೊಟ್ಟೆ ಮುಟ್ಟಿ ನೋಡುವಾಗ ಪಕ್ಕೆಯ ಮೇಲಿನ ಕಪ್ಪು ಕಲೆ ಅವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಆದರೆ ಅವರ ರಿಜಿಸ್ಟರಿನಲ್ಲಿ ಗರ್ಭಿಣಿಯರ ಪಟ್ಟಿ, ಚುಚ್ಚುಮದ್ದಿನ ಪಟ್ಟಿ, ಅರ್ಹ ದಂಪತಿಗಳ ಪಟ್ಟಿ ಇದ್ದವು, ಆ ಕಲೆಯನ್ನು ಬರೆಯುವ ಅಂಕಣ ಇರಲಿಲ್ಲ. 1970ರ ದಶಕದಲ್ಲಿ ಕುಟುಂಬ ಯೋಜನೆಯ ಗುರಿ ಮುಟ್ಟಿಸುವ ಒತ್ತಡ ಹೆಗಲೇರಿದ ಮೇಲಂತೂ ಕೂತು ಮಾತಾಡಿಸುವಷ್ಟು ಹೊತ್ತೂ ಉಳಿಯಲಿಲ್ಲ.

ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಬೇರೆಯೇ ಒಂದು ಪುಸ್ತಕವಿತ್ತು, ಅದೇ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ರಿಜಿಸ್ಟರ್. ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಅದರಲ್ಲಿ ಬರೆಯಬೇಕು: ಹೆಸರು, ವಯಸ್ಸು, ಊರು, ಕರೆತಂದವರು ಯಾರು, ಗಾಯ ಹೇಗಾಯಿತೆಂದು ಹೇಳಿದರು, ಮೈಮೇಲಿನ ಗುರುತು. ಈ ‘ಹೇಗಾಯಿತೆಂದು ಹೇಳಿದರು’ ಎಂಬ ಒಂದು ಸಾಲಿನ ಮೇಲೆ ಎಷ್ಟೋ ಬದುಕುಗಳು ನಿಂತಿವೆ. ಬಚ್ಚಲಲ್ಲಿ ಕಾಲು ಜಾರಿತು, ಎಮ್ಮೆ ಹಾಯಿತು, ಅಟ್ಟದಿಂದ ಬಿದ್ದೆ ಎಂದು ಹೆಂಗಸು ಹೇಳಿದ್ದು ಹಾಗೇ ಬರೆಯಲ್ಪಡುತ್ತಿತ್ತು. ಹೇಳುವಾಗ ಗಂಡನೋ ಅತ್ತೆಯೋ ಹಾಸಿಗೆಯ ಪಕ್ಕದಲ್ಲೇ ನಿಂತಿರುತ್ತಿದ್ದರು. ಜಾರಿ ಬಿದ್ದವರಿಗೆ ಪೆಟ್ಟು ಸಾಮಾನ್ಯವಾಗಿ ಅಂಗೈ, ಮಣಿಕಟ್ಟು, ಮೊಣಕಾಲಿಗೆ ಆಗುತ್ತದೆ. ಹೊಡೆತ ತಡೆಯಲು ಕೈ ಎತ್ತಿದವರಿಗೆ ಮೊಣಕೈಯ ಕೆಳಗಿನ ಕಿರುಬೆರಳಿನ ಬದಿಯ ಎಲುಬು ಮುರಿಯುತ್ತದೆ, ಕೆನ್ನೆ, ಕಿವಿ, ತೋಳಿನ ಒಳಬದಿ ಕಪ್ಪಾಗುತ್ತದೆ, ಹಳೆಯ ಗಾಯ ಹಳದಿಗಟ್ಟಿರುವಾಗಲೇ ಹೊಸದು ಕೆಂಪಾಗಿರುತ್ತದೆ. ಅನುಭವಿ ಸಿಸ್ಟರುಗಳಿಗೆ ಈ ವ್ಯತ್ಯಾಸ ಪಾಠವಿಲ್ಲದೆಯೇ ತಿಳಿದಿತ್ತು. ತಿಳಿದದ್ದನ್ನು ಏನು ಮಾಡಬೇಕೆಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ.

1970ರ ದಶಕದ ಕೊನೆಯಿಂದ ಮುಂದಿನ ಮೂವತ್ತು ವರ್ಷ ಈ ಶುಶ್ರೂಷೆಯ ಅತ್ಯಂತ ಕಠಿಣ ಅಧ್ಯಾಯ ಸುಟ್ಟಗಾಯದ್ದು. ಪಂಪ್ ಹೊಡೆಯುವ ಸೀಮೆಎಣ್ಣೆ ಸ್ಟವ್ ಮನೆಮನೆಗೆ ಬಂದಿತ್ತು, ನೈಲಾನ್, ಪಾಲಿಯೆಸ್ಟರ್ ಸೀರೆಗಳು ಅಗ್ಗವಾಗಿದ್ದವು, ವರದಕ್ಷಿಣೆ ಹಿಂದೆ ಅದು ಇಲ್ಲದ ಜಾತಿಗಳಿಗೂ ಹಬ್ಬಿತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕಾಗದದ ಮೇಲಿತ್ತು. ‘ಸ್ಟವ್ ಸಿಡಿಯಿತು’ ಎಂಬ ಮಾತು ರಾಜ್ಯದ ಎಲ್ಲ ಆಸ್ಪತ್ರೆಗಳ ರಿಜಿಸ್ಟರಿನಲ್ಲೂ ಕಾಣಿಸಿಕೊಂಡಿತು. ಅತ್ತೆಯೂ ಅಡುಗೆ ಮಾಡುತ್ತಿದ್ದ ಮನೆಗಳಲ್ಲಿ ಸ್ಟವ್ ಸೊಸೆಯ ಕೈಯಲ್ಲೇ ಏಕೆ ಸಿಡಿಯುತ್ತದೆಂದು ಮೊದಲು ಗಟ್ಟಿಯಾಗಿ ಕೇಳಿದವರು ಮಹಿಳಾ ಸಂಘಟನೆಗಳು. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ‘ವಿಮೋಚನಾ’ ಮುಂದೆ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲೇ ಹೆಂಗಸರ ಜೊತೆ ಕೂತು ಕೆಲಸ ಮಾಡಿತು. ನವವಿವಾಹಿತೆಯರ ‘ಅಸಹಜ ಸಾವು’ಗಳ ಕಡತಗಳನ್ನು 1990ರ ದಶಕದಲ್ಲಿ ಒಂದೊಂದಾಗಿ ಬಿಚ್ಚಿ ಸರ್ಕಾರದ ಮುಂದಿಟ್ಟಿತು. ಮಲೆನಾಡು, ಬಯಲುಸೀಮೆಯ ತಾಲ್ಲೂಕುಗಳಿಂದ ಬೆಂಗಳೂರಿಗೆ ಸಾಗಿಸಿದ ಹೆಂಗಸರೂ ಬಂದು ಸೇರುತ್ತಿದ್ದ ವಾರ್ಡು ಅದು.

ಸುಟ್ಟಗಾಯದ ಮೊದಲ ಎಂಟು ಗಂಟೆಯ ಲೆಕ್ಕ ನೋಡಿದರೆ ತಾಲ್ಲೂಕು ಆಸ್ಪತ್ರೆಯ ನರ್ಸಿನ ಕೆಲಸ ಎಂಥದೆಂದು ತಿಳಿಯುತ್ತದೆ. ತಲೆ ಶೇ 9, ಒಂದೊಂದು ತೋಳು 9, ಒಂದೊಂದು ಕಾಲು 18, ಎದೆ ಹೊಟ್ಟೆ 18, ಬೆನ್ನು 18 ಎಂದು ಮೈಯನ್ನು ಭಾಗಮಾಡಿ ಎಷ್ಟು ಸುಟ್ಟಿದೆಯೆಂದು ಅಂದಾಜು ಹಾಕುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ರೂಪುಗೊಂಡ ಸೂತ್ರದಂತೆ ದೇಹದ ತೂಕದ ಪ್ರತಿ ಕಿಲೋಗೆ, ಸುಟ್ಟ ಪ್ರತಿ ಶೇಕಡಾಕ್ಕೆ 4 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ದ್ರವ ಮೊದಲ 24 ಗಂಟೆಯಲ್ಲಿ ಹೋಗಬೇಕು, ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲೇ. 50 ಕಿಲೋ ತೂಕದ ಹೆಂಗಸಿಗೆ ಶೇ 40 ಸುಟ್ಟಿದ್ದರೆ ಒಟ್ಟು 8 ಲೀಟರ್. ಅಂದರೆ ಮೊದಲ ಎಂಟು ಗಂಟೆಯಲ್ಲಿ ಅರ್ಧ ಲೀಟರಿನ ಎಂಟು ಬಾಟಲಿ. ಈ ಎಂಟು ಗಂಟೆಯನ್ನು ಬೆಂಕಿ ತಗುಲಿದ ಹೊತ್ತಿನಿಂದ ಎಣಿಸಬೇಕು, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. ಗಾಡಿ ಸಿಗದೆ, ಸುದ್ದಿ ಹೊರಬೀಳಬಾರದೆಂದು ಮನೆಯವರು ಹಿಂದೆಮುಂದೆ ನೋಡಿ ಮೂರು ಗಂಟೆ ಕಳೆದಿದ್ದರೆ ಅದೇ ನಾಲ್ಕು ಲೀಟರು ಐದು ಗಂಟೆಯಲ್ಲಿ ಹೋಗಬೇಕು. ಸುಟ್ಟ ಕೈಯಲ್ಲಿ ರಕ್ತನಾಳ ಸಿಗುವುದಿಲ್ಲ. ಸಿಂಥೆಟಿಕ್ ಸೀರೆ ಕರಗಿ ಚರ್ಮಕ್ಕೆ ಅಂಟಿರುತ್ತದೆ. ಅದನ್ನು ಎಳೆಯದೆ ಸುತ್ತಲಿನ ಬಟ್ಟೆಯನ್ನಷ್ಟೇ ಕತ್ತರಿಸಬೇಕು. ಬಳೆ, ಉಂಗುರ, ಕಾಲುಂಗುರವನ್ನು ಬಾವು ಬರುವ ಮೊದಲೇ ತೆಗೆಯಬೇಕು, ಇಲ್ಲವಾದರೆ ಬೆರಳೇ ಹೋಗುತ್ತದೆ. ಮುಖ ಸುಟ್ಟು ದನಿ ಒರಟಾಗಿದ್ದರೆ ಉಸಿರಿನ ನಾಳ ಊದುತ್ತಿದೆಯೆಂದು ಅರ್ಥ, ದೊಡ್ಡಾಸ್ಪತ್ರೆಗೆ ಸಾಗಿಸುವ ತೀರ್ಮಾನ ಆಗಲೇ ಆಗಬೇಕು. ಮನೆಯಲ್ಲಿ ಹಚ್ಚಿದ ಶಾಯಿಯನ್ನೋ ಟೂತ್‌ಪೇಸ್ಟನ್ನೋ ತೊಳೆದು ತೆಗೆಯುವುದೂ ನರ್ಸಿನ ಪಾಲಿನದೇ. 1968ರಲ್ಲಿ ಬಂದ ಸಿಲ್ವರ್ ಸಲ್ಫಡಯಜೀನ್ ಮುಲಾಮು ನಂತರದ ದಶಕಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿಗೂ ತಲುಪಿ ಡ್ರೆಸ್ಸಿಂಗಿನ ನೋವನ್ನೂ ನಂಜನ್ನೂ ಅಷ್ಟಿಷ್ಟು ಇಳಿಸಿತು.

ಕಾನೂನು ಈ ವಾರ್ಡಿನ ಹೊಸ್ತಿಲಿಗೆ ಬಂದದ್ದು 1983ರಲ್ಲಿ. ಆ ವರ್ಷ ದಂಡಸಂಹಿತೆಗೆ ಸೇರಿದ 498ಎ ಕಲಂ ಗಂಡ ಮತ್ತು ಅವನ ನೆಂಟರು ಎಸಗುವ ಕ್ರೌರ್ಯವನ್ನು ಪ್ರತ್ಯೇಕ ಅಪರಾಧವೆಂದು ಕರೆಯಿತು. 1986ರಲ್ಲಿ 304ಬಿ ಕಲಂ ಬಂದು ಮದುವೆಯಾದ ಏಳು ವರ್ಷದೊಳಗಿನ ವರದಕ್ಷಿಣೆ ಸಾವು ಕಾನೂನಿನ ಒಳಗೆ ಬಂತು. ಅಂಥ ಸಾವಿನ ಪಂಚನಾಮೆಗೆ ತಹಶೀಲ್ದಾರರು ಬರಬೇಕಾಯಿತು. ಸಾಯುವ ಮುನ್ನ ಕೊಡುವ ಹೇಳಿಕೆ ಸಾಕ್ಷಿಯಾಗಿ ನಿಲ್ಲುತ್ತದೆಂಬುದು ಹಳೆಯ ಕಾನೂನೇ. ಈಗ ಅದರ ತೂಕ ಹೆಚ್ಚಿತು. ಹೇಳಿಕೆ ಪಡೆಯುವವರು ಮ್ಯಾಜಿಸ್ಟ್ರೇಟರು, ಹೇಳುವ ಸ್ಥಿತಿಯಲ್ಲಿದ್ದಾಳೆಂದು ಬರೆದುಕೊಡುವವರು ವೈದ್ಯರು. ಆದರೆ ಅವರಿಬ್ಬರೂ ಬರುವವರೆಗೆ ಅವಳ ಪ್ರಜ್ಞೆ ಉಳಿಸಿಕೊಂಡವರು, ನೋವಿನ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟೆವೆಂದು ಗಂಟೆ ನಿಮಿಷ ಸಹಿತ ಬರೆದಿಟ್ಟವರು ನರ್ಸುಗಳು. ಅಮಲಿನಲ್ಲಿ ಮಾತಾಡಿದಳೆಂದು ನ್ಯಾಯಾಲಯದಲ್ಲಿ ವಾದ ಎದ್ದಾಗ ಕೇಸ್ ಶೀಟಿನ ಆ ಸಾಲೇ ಉತ್ತರವಾಗಬೇಕು.

ಬೆಂಕಿಯ ಜೊತೆಗೇ ವಿಷವೂ ಬಂತು. ಕಡೂರಿನ ತೆಂಗು ರಾಗಿ, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ, ಹೀಗೆ ಬೇಸಾಯದ ನಾಡಿನಲ್ಲಿ ಹಸಿರು ಕ್ರಾಂತಿಯ ನಂತರ ಕೀಟನಾಶಕದ ಡಬ್ಬಿ ಮನೆಯ ಮೂಲೆಯಲ್ಲೇ ಇರತೊಡಗಿತು. ಬರಗಾಲ, ಸಾಲ, ಸಾರಾಯಿ ಮೂರೂ ಸೇರಿದ ಮನೆಯಲ್ಲಿ ಹೊಡೆತ ತಾಳಲಾರದೆ ಅದನ್ನೇ ಕುಡಿದ ಹೆಂಗಸರು ಕ್ಯಾಶುವಾಲ್ಟಿಗೆ ಬರುವುದು ಸುಟ್ಟಗಾಯಕ್ಕಿಂತಲೂ ಸಾಮಾನ್ಯವಾಯಿತು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತರೂ ಬೇರೆ ಮದ್ಯ ಅದರ ಜಾಗ ಹಿಡಿಯಿತು. ಆರ್ಗನೋಫಾಸ್ಫರಸ್ ವಿಷದಲ್ಲಿ ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಎದೆಯಲ್ಲಿ ಗೊರಗೊರ ಸದ್ದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ವಿಷವನ್ನು ಶ್ವಾಸಕೋಶಕ್ಕೆ ಎಳೆದು ಕೊಲ್ಲಬಲ್ಲದು. ನರ್ಸು ಮಾಡಬೇಕಾದ್ದು ಬೇರೆ: ಎಡ ಮಗ್ಗುಲಿಗೆ ಮಲಗಿಸಿ ಬಾಯಿ ಶುಚಿಮಾಡುವುದು, ವಿಷ ಚೆಲ್ಲಿದ ಬಟ್ಟೆ ತೆಗೆದು ಕೂದಲು ಸಹಿತ ಸೋಪಿನಲ್ಲಿ ತೊಳೆಯುವುದು, ಅಟ್ರೋಪಿನ್ ಸಿದ್ಧಪಡಿಸುವುದು. ಅಟ್ರೋಪಿನ್ ಆಂಪೂಲಿನಲ್ಲಿ ಇರುವುದು 0.6 ಮಿ.ಗ್ರಾಂ. ಮೊದಲ ಸಲವೇ 3 ಮಿ.ಗ್ರಾಂ ಬೇಕಾದರೆ ಐದು ಆಂಪೂಲು ಒಡೆಯಬೇಕು, ಎದೆಯ ಸದ್ದು ನಿಲ್ಲುವವರೆಗೆ ಐದೈದು ನಿಮಿಷಕ್ಕೆ ಪ್ರಮಾಣ ಇಮ್ಮಡಿಸುತ್ತ ಹೋಗಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದರೆ ಒಡೆದ ಗಾಜಿನ ರಾಶಿಯ ನಡುವೆ ನಿಂತು ಮಾಡುವ ಕೆಲಸ ಇದು.

ವಿಷ ಕುಡಿದವರಿಗೆ ಇನ್ನೊಂದು ಭಯವಿತ್ತು. ಆತ್ಮಹತ್ಯೆಗೆ ಯತ್ನಿಸುವುದು ದಂಡಸಂಹಿತೆಯ 309ನೇ ಕಲಮಿನಡಿ ಅಪರಾಧವಾಗಿತ್ತು. ಹೊಡೆದವನ ಮೇಲೆ ಕೇಸಾಗುವ ಬದಲು ಬದುಕುಳಿದವಳ ಮೇಲೆಯೇ ಆದೀತೆಂದು ‘ಕೆಮ್ಮಿನ ಔಷಧವೆಂದು ತಿಳಿದು ಕುಡಿದೆ’ ಎನ್ನುವುದು ರೂಢಿಯಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಹೀಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸದೆ ಆರೈಕೆ ಕೊಡಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಆ ಕಲಮನ್ನೇ ಕೈಬಿಟ್ಟಿದೆ. ನರ್ಸು ಹಾಸಿಗೆಯ ಬಳಿ ಕೂತು ‘ಏನಾಯ್ತಮ್ಮ’ ಎಂದು ಕೇಳಿದಾಗ ನಿಜ ಹೇಳಬಹುದಾದ ವಾತಾವರಣಕ್ಕೆ ಈ ಬದಲಾವಣೆ ಅತ್ಯಗತ್ಯವಾಗಿತ್ತು.

ಆಸ್ಪತ್ರೆಯ ಹೊಣೆ ಬದಲಾದ ಬಗೆಯನ್ನು ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪೊಲೀಸ್ ಕೇಸಾಗುವ ರೋಗಿಯನ್ನು ಮುಟ್ಟಲು ಹೆದರಿ ವಾಪಸು ಕಳಿಸುವ ಚಾಳಿಗೆ ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ತಡೆ ಹಾಕಿತು: ಜೀವ ಉಳಿಸುವುದು ಮೊದಲು, ಕಾಗದಪತ್ರ ನಂತರ. 1996ರಿಂದ ವಿಶ್ವಬ್ಯಾಂಕಿನ ಸಾಲದಲ್ಲಿ ನಡೆದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ರಾಜ್ಯದ ತಾಲ್ಲೂಕು ಆಸ್ಪತ್ರೆಗಳ ಕಟ್ಟಡ, ಉಪಕರಣ, ಹಾಸಿಗೆಗಳನ್ನು ಹೆಚ್ಚಿಸಿತು. ಇದೇ ಹೊತ್ತಿಗೆ ಮುಂಬೈಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಕೇಂದ್ರ ಶುರುವಾಗಿ, ಹಿಂಸೆಗೆ ಒಳಗಾದವರನ್ನು ಗುರುತಿಸಿ ಸಲಹೆ ಕೊಡುವುದು ಆಸ್ಪತ್ರೆಯದೇ ಕೆಲಸವೆಂದು ನರ್ಸುಗಳಿಗೂ ವೈದ್ಯರಿಗೂ ತರಬೇತಿ ಕೊಟ್ಟು ತೋರಿಸಿತು. ಕರ್ನಾಟಕದಲ್ಲಿ 2000–01ರ ಸುಮಾರಿಗೆ ಹಿಂಸೆಗೆ ಒಳಗಾದ ಹೆಂಗಸರಿಗಾಗಿ ‘ಸಾಂತ್ವನ’ ಕೇಂದ್ರಗಳು ಬಂದವು. ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆದ ಈ ಕೇಂದ್ರಗಳಿಂದಾಗಿ ಡ್ರೆಸ್ಸಿಂಗ್ ಮುಗಿಸಿದ ಮೇಲೆ ‘ಇಲ್ಲಿಗೆ ಹೋಗಮ್ಮ’ ಎಂದು ಹೇಳಲು ನರ್ಸಿಗೆ ಒಂದು ವಿಳಾಸ ಸಿಕ್ಕಿತು.

ನಿಜವಾದ ತಿರುವು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾಯ್ದೆ ಹಿಂಸೆಯೆಂದರೆ ಮೈಮೇಲಿನ ಹೊಡೆತ ಮಾತ್ರವಲ್ಲ, ಬೈಗುಳ, ಲೈಂಗಿಕ ಬಲಾತ್ಕಾರ, ಹಣಕಾಸು ತಡೆಹಿಡಿಯುವುದೂ ಹಿಂಸೆಯೇ ಎಂದು ಒಪ್ಪಿತು. ಅದರ 7ನೇ ಕಲಂ ವೈದ್ಯಕೀಯ ನೆರವು ಕೇಳಿ ಬಂದವರಿಗೆ ಅದನ್ನು ಕೊಡುವುದು ಆಸ್ಪತ್ರೆಯ ಕರ್ತವ್ಯವೆನ್ನುತ್ತದೆ. ನಿಯಮಗಳು ಇನ್ನೂ ಸ್ಪಷ್ಟವಾಗಿವೆ: ಮೊದಲೇ ದೂರು ಕೊಟ್ಟಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ಕೌಟುಂಬಿಕ ಘಟನೆಯ ವರದಿ ಇನ್ನೂ ಆಗಿರದಿದ್ದರೆ ಆಸ್ಪತ್ರೆಯೇ ನಮೂನೆ 1ನ್ನು ತುಂಬಿ ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಗೆ ಕಳಿಸಬೇಕು, ವೈದ್ಯಕೀಯ ವರದಿಯ ಪ್ರತಿಯನ್ನು ಆ ಹೆಂಗಸಿಗೆ ಬಿಟ್ಟಿಯಾಗಿ ಕೊಡಬೇಕು. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಸಂರಕ್ಷಣಾಧಿಕಾರಿಯ ಕೆಲಸವನ್ನು ಅಂಗನವಾಡಿಗಳ ಮೇಲ್ವಿಚಾರಣೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ವಹಿಸಲಾಯಿತು. ಎಎನ್‌ಎಂಗೂ ಆಶಾ ಕಾರ್ಯಕರ್ತೆಗೂ ಆ ಕಚೇರಿ ಮೊದಲೇ ಪರಿಚಿತವಾಗಿದ್ದರಿಂದ ಇದರಿಂದ ಅನುಕೂಲವಾಯಿತು. ಆದರೆ ಸಾವಿರ ಕೆಲಸಗಳ ನಡುವೆ ಇದೂ ಒಂದಾಗಿ ಬಿಟ್ಟದ್ದು ಈ ವ್ಯವಸ್ಥೆಯ ದೊಡ್ಡ ದೌರ್ಬಲ್ಯ. ಪ್ರತ್ಯೇಕ ಅಧಿಕಾರಿಯನ್ನು ನೇಮಿಸದೆ ಕಾಯ್ದೆಯ ಮಾತು ನಡೆಯುವುದು ಕಷ್ಟ.

2008ರ ನವೆಂಬರ್ 1ರಂದು ಶುರುವಾದ ಆರೋಗ್ಯ ಕವಚ 108 ಆಂಬುಲೆನ್ಸು ತುರ್ತು ಶುಶ್ರೂಷೆಯನ್ನು ಆಸ್ಪತ್ರೆಯ ಬಾಗಿಲಿನಿಂದ ಮನೆಯ ಅಂಗಳಕ್ಕೆ ತಂದಿತು. ಗಾಡಿಯಲ್ಲಿ ಬರುವ ತಂತ್ರಜ್ಞರಲ್ಲಿ ಬಹಳಷ್ಟು ಮಂದಿ ನರ್ಸಿಂಗ್ ಓದಿದವರು. ಘಟನೆ ನಡೆದ ಜಾಗವನ್ನು ಕಣ್ಣಾರೆ ಕಾಣುವ ಆರೋಗ್ಯ ಸಿಬ್ಬಂದಿ ಅವರು ಮಾತ್ರ: ಒಡೆದ ಪಾತ್ರೆ, ಒಲೆ ಹಚ್ಚಿದ ಗುರುತೇ ಇಲ್ಲದ ಅಡುಗೆಮನೆ, ಸೀಮೆಎಣ್ಣೆಯ ವಾಸನೆ. ಇದನ್ನು ಕ್ಯಾಶುವಾಲ್ಟಿಯ ಸಿಸ್ಟರಿಗೆ ದಾಟಿಸಿದರೆ ಸ್ಟವ್ ಸಿಡಿದ ಕಥೆ ನಿಲ್ಲುವುದಿಲ್ಲ. ಅಡುಗೆ ಅನಿಲ ಹಳ್ಳಿಗಳಿಗೆ ಹಬ್ಬಿದ ಮೇಲೆ ಆ ಕಥೆ ಹೇಳುವುದೂ ಕಷ್ಟವಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸಂಗಾತಿಯ ಹಿಂಸೆ ಕುರಿತ ಚಿಕಿತ್ಸಾ ಮಾರ್ಗಸೂಚಿ ಹೊರಡಿಸಿತು. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಲೈಂಗಿಕ ಹಿಂಸೆಗೆ ಒಳಗಾದವರ ಆರೈಕೆ ಮತ್ತು ವೈದ್ಯಕೀಯ ಪರೀಕ್ಷೆಗೆ ನಿಯಮಾವಳಿ ಕೊಟ್ಟಿತು. ಕರ್ನಾಟಕ ಜಿಲ್ಲಾಸ್ಪತ್ರೆಗಳಲ್ಲಿ ‘ಗೆಳತಿ’ ಹೆಸರಿನ ವಿಶೇಷ ಚಿಕಿತ್ಸಾ ಘಟಕಗಳನ್ನು ತೆರೆಯಿತು. 2015ರ ಏಪ್ರಿಲ್ 1ರಿಂದ ಕೇಂದ್ರದ ‘ಸಖಿ’ ಯೋಜನೆ ಚಿಕಿತ್ಸೆ, ಪೊಲೀಸ್, ವಕೀಲರ ಸಲಹೆ, ಕೆಲ ದಿನದ ತಂಗುವಿಕೆ ಎಲ್ಲವನ್ನೂ ಒಂದೇ ಸೂರಿನಡಿ ತರುವ ಗುರಿ ಇಟ್ಟುಕೊಂಡಿತು. 181 ಮಹಿಳಾ ಸಹಾಯವಾಣಿ ಇದಕ್ಕೆ ಜೋಡಿಯಾಯಿತು. ‘ಗೆಳತಿ’, ‘ಸಖಿ’ ಎರಡೂ ಜಿಲ್ಲಾ ಕೇಂದ್ರದ ಸೌಲಭ್ಯಗಳು. ಕಡೂರು, ತರೀಕೆರೆ, ಅಜ್ಜಂಪುರದ ಹೆಂಗಸು ಅಲ್ಲಿಗೆ ತಲುಪುವ ಮೊದಲು ತನ್ನ ಊರಿನ ಆಸ್ಪತ್ರೆಯ ನರ್ಸಿನ ಕೈ ಹಾಯ್ದೇ ಹೋಗಬೇಕು. 2018ರಲ್ಲಿ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಅಜ್ಜಂಪುರದಲ್ಲಿ ಆಸ್ಪತ್ರೆ ಸಮುದಾಯ ಆರೋಗ್ಯ ಕೇಂದ್ರದ ದರ್ಜೆಯದು. ಅಂಥ ಕೇಂದ್ರಕ್ಕೆ ರಾಷ್ಟ್ರೀಯ ಮಾನದಂಡ ಹೇಳುವುದು 30 ಹಾಸಿಗೆ.

ಈಗ ನರ್ಸಿಗೆ ಹೇಳಿಕೊಡುವ ಕ್ರಮ ಹೀಗಿದೆ. ಮೊದಲು ಉಸಿರು, ರಕ್ತಸ್ರಾವ, ಪ್ರಜ್ಞೆ. ಜೀವಕ್ಕೆ ಅಪಾಯವಿಲ್ಲವೆಂದು ಖಾತ್ರಿಯಾದ ಮೇಲೆ ಜೊತೆಗೆ ಬಂದವರನ್ನು ಚೀಟಿ ಮಾಡಿಸಲೋ ಔಷಧಿ ತರಲೋ ಹೊರಗೆ ಕಳಿಸಿ, ಪರದೆ ಎಳೆದು, ಹೆಂಗಸನ್ನು ಒಂಟಿಯಾಗಿ ಮಾತಾಡಿಸುವುದು. ‘ಯಾಕೆ ಸಹಿಸಿಕೊಂಡಿರಿ’ ಎಂದು ಕೇಳುವಂತಿಲ್ಲ. ‘ಮನೆಯಲ್ಲಿ ಯಾರಾದರೂ ಹೊಡೆದರಾ’ ಎಂದು ನೇರವಾಗಿ, ಮೆಲ್ಲಗೆ ಕೇಳಬೇಕು, ಉತ್ತರ ಬಾರದಿದ್ದರೆ ಒತ್ತಾಯಿಸಬಾರದು. ಕುತ್ತಿಗೆಯನ್ನು ತಪ್ಪದೆ ನೋಡಬೇಕು. ಕತ್ತು ಹಿಸುಕಿದ ಹೆಂಗಸಿನ ಮೈಮೇಲೆ ಎಷ್ಟೋ ಸಲ ಗುರುತೇ ಕಾಣುವುದಿಲ್ಲ. ದನಿ ಬದಲಾಗಿರುವುದು, ನುಂಗಲು ನೋವು, ಕಣ್ಣ ಬಿಳಿಯಲ್ಲಿ ಕೆಂಪು ಚುಕ್ಕೆ, ಆ ಹೊತ್ತಿನಲ್ಲಿ ಮೂತ್ರ ಹೋಗಿದ್ದು ಮುಂತಾದವೇ ಸುಳಿವು. ಅವಳು ನಡೆದಾಡುತ್ತ ಚೆನ್ನಾಗಿದ್ದಾಳೆಂದು ಮನೆಗೆ ಕಳಿಸಿದರೆ ಕತ್ತಿನ ರಕ್ತನಾಳದ ಹಾನಿ ಒಂದೆರಡು ದಿನದ ಮೇಲೆ ಪಾರ್ಶ್ವವಾಯುವಾಗಿ ಬರಬಹುದು. ಬಸುರಿಯಾಗಿದ್ದರೆ ಹೊಟ್ಟೆಯ ಪೆಟ್ಟು ಹೊರಗೆ ಕಾಣದೆಯೂ ಕಸ (ಮಾಸು) ಗರ್ಭಕೋಶದಿಂದ ಬೇರ್ಪಟ್ಟಿರಬಹುದು. ಆದ್ದರಿಂದ ಮಗುವಿನ ಎದೆಬಡಿತ ಎಣಿಸಿ, ಹೊಟ್ಟೆ ಗಟ್ಟಿಯಾಗಿದೆಯೇ ಎಂದು ನೋಡಿ, ಕೆಲವು ಗಂಟೆಯಾದರೂ ನಿಗಾದಲ್ಲಿಡಬೇಕು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು ಬೇಕು. ಗುಂಪು ಯಾವುದೆಂದು ತಾಯಿ ಕಾರ್ಡಿನಲ್ಲೇ ಬರೆದಿರುತ್ತದೆ, ಅವಸರದಲ್ಲಿ ಮನೆ ಬಿಟ್ಟು ಬಂದವಳ ಕೈಯಲ್ಲಿ ಕಾರ್ಡು ಇರುವುದಿಲ್ಲ. ಲೈಂಗಿಕ ಬಲಾತ್ಕಾರವೂ ನಡೆದಿದ್ದರೆ ಎಚ್‌ಐವಿ ತಡೆಯ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು.

ದಾಖಲಿಸುವುದೂ ಚಿಕಿತ್ಸೆಯಷ್ಟೇ ನಾಜೂಕಿನ ಕೆಲಸ. ಹೆಂಗಸು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆಯಬೇಕು. ಪ್ರತಿ ಗಾಯದ ಅಳತೆ, ಬಣ್ಣ, ಜಾಗವನ್ನು ದೇಹದ ನಕ್ಷೆಯ ಮೇಲೆ ಗುರುತಿಸಬೇಕು. ಹೇಳಿದ ಕಾರಣಕ್ಕೂ ಗಾಯಕ್ಕೂ ತಾಳೆಯಾಗದಿದ್ದರೆ ಅದನ್ನೂ ಬರೆಯಬೇಕು. ಪೊಲೀಸರಿಗೆ ಸುದ್ದಿ ಕಳಿಸುವುದು ಆಸ್ಪತ್ರೆಯ ಕರ್ತವ್ಯವಾದರೂ ದೂರು ಕೊಡುವುದು ಬಿಡುವುದು ಅವಳ ಇಷ್ಟವೆಂದು ತಿಳಿಸಿ ಹೇಳಬೇಕು. ಮನೆಗೆ ಹೋಗುವ ಮೊದಲು ಕೇಳಬೇಕಾದ ಪ್ರಶ್ನೆಗಳೂ ಇವೆ: ಹೊಡೆತ ಇತ್ತೀಚೆಗೆ ಹೆಚ್ಚಾಗಿದೆಯೇ, ಮಚ್ಚು ಕತ್ತಿ ತೋರಿಸಿದ್ದಾನೆಯೇ, ಕತ್ತು ಹಿಸುಕಿದ್ದು ಇದೇ ಮೊದಲೇ, ಮಕ್ಕಳು ಎಲ್ಲಿದ್ದಾರೆ, ರಾತ್ರಿ ಹೋಗಲು ಬೇರೆ ಮನೆ ಇದೆಯೇ. ಅಪಾಯ ಹೆಚ್ಚೆಂದು ಕಂಡರೆ ಗಾಯ ಸಣ್ಣದಾದರೂ ರಾತ್ರಿ ಅಡ್ಮಿಟ್ ಮಾಡಿಕೊಳ್ಳುವಂತೆ ವೈದ್ಯರಿಗೆ ಹೇಳುವುದು ಅನುಭವಿ ನರ್ಸು ಬಳಸುವ ಉಪಾಯ. ಅಂಥ ಅಡ್ಮಿಷನ್ನಿಗೆ ವೈದ್ಯಕೀಯ ಪುಸ್ತಕದಲ್ಲಿ ಕಾರಣ ಸಿಗದಿದ್ದರೂ ಅದು ಪ್ರಾಣ ಉಳಿಸುವ ಚಿಕಿತ್ಸೆಯೇ.

ಸಣ್ಣ ಊರಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ನರ್ಸು ಹೊಡೆದವನ ಅಕ್ಕನ ನೆರೆಮನೆಯವರಾಗಿರಬಹುದು, ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿರಬಹುದು, ಸಾಕ್ಷಿ ಹೇಳಲು ಕೋರ್ಟಿಗೆ ಅಲೆಯಬೇಕಾದೀತೆಂಬ ಅಳುಕೂ ಇರುತ್ತದೆ. ಒಳ್ಳೆಯ ನಂಬಿಕೆಯಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರದೆಂದು 2005ರ ಕಾಯ್ದೆಯ 4ನೇ ಕಲಂ ಅಭಯ ಕೊಡುತ್ತದೆ. ಅದನ್ನು ಎಲ್ಲ ನರ್ಸುಗಳಿಗೂ ತಿಳಿಸುವ ತರಬೇತಿ ಎಲ್ಲೆಡೆ ಒಂದೇ ಸಮನಾಗಿ ತಲುಪಿಲ್ಲ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ದೇಶದಲ್ಲೇ ಅತಿ ಹೆಚ್ಚಿನ ಪ್ರಮಾಣ ಅದು. ಹಿಂದಿನ ಸಮೀಕ್ಷೆಯಲ್ಲಿ ರಾಜ್ಯದ ಅಂಕಿ ಶೇ 20.6 ಇತ್ತು. ಇಷ್ಟು ದೊಡ್ಡ ಏರಿಕೆಯಲ್ಲಿ ಹಿಂಸೆ ಎಷ್ಟು, ಹೇಳುವ ಧೈರ್ಯ ಎಷ್ಟು ಎಂದು ಬಿಡಿಸುವುದು ಕಷ್ಟ. ದೇಶದ ಮಟ್ಟದಲ್ಲಿ ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ಶೇ 14 ಮಾತ್ರ, ಅವರೂ ಬಹುಪಾಲು ತವರಿನವರನ್ನೇ ಕೇಳಿದ್ದರು. ಉಳಿದವರಲ್ಲಿ ಅನೇಕರು ಜ್ವರ, ರಕ್ತಹೀನತೆ, ಮಗುವಿನ ಚುಚ್ಚುಮದ್ದು, ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆ ಎಂದು ನರ್ಸಿನ ಮುಂದೆ ಬಂದು ಕೂತೇ ಇರುತ್ತಾರೆ.

2024ರಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ 498ಎ ಕಲಂ 85 ಮತ್ತು 86 ಆಗಿದೆ, ವರದಕ್ಷಿಣೆ ಸಾವು 80ನೇ ಕಲಮಿಗೆ ಬಂದಿದೆ. ಅಂಕಿ ಬದಲಾದರೂ ಆಸ್ಪತ್ರೆಯ ಹೊಣೆಯಲ್ಲಿ ಬದಲಾವಣೆಯಿಲ್ಲ. 2005ರ ಕಾಯ್ದೆಯೂ ಅದರ ನಮೂನೆ 1 ಕೂಡ ಹಾಗೆಯೇ ಉಳಿದಿವೆ. ಆ ನಮೂನೆಯಲ್ಲಿ ಹಿಂಸೆಯ ಬಗೆಗಳನ್ನು ಒಂದೊಂದಾಗಿ ಗುರುತಿಸಲು ಜಾಗವಿದೆ. ಹೆಂಗಸಿನ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ ಅದು ಸಂರಕ್ಷಣಾಧಿಕಾರಿಗೆ ಹೋಗುತ್ತದೆ, ಅವರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಬರುತ್ತದೆ. ಅರ್ಜಿ ಬಂದ ಮೇಲೆ ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನದೊಳಗೆ ಇಟ್ಟುಕೊಂಡು, 60 ದಿನದಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ.